ಐಡ್ಲಿಂಗ್‌ನಲ್ಲಿ ಆರ್‌ಪಿಎಂ ಏರಿಳಿಯುತ್ತಿದೆಯೇ? ಸ್ಕ್ರೂ ಮುಟ್ಟುವ ಮೊದಲು ಹೋಸ್ ನೋಡಿ

ಸಿಗ್ನಲ್‌ನಲ್ಲಿ ನಿಂತಾಗ ಹಳೆಯ ಕಾರಿನ ಎಂಜಿನ್ ಒಮ್ಮೆ ರೊಯ್ಯನೆ ಏರಿ, ಮರುಕ್ಷಣ ಆಫ್ ಆಗುವಷ್ಟು ಕುಸಿದು, ಮತ್ತೆ ಏರುತ್ತಿದ್ದರೆ ಹಲವು ಗ್ಯಾರೇಜುಗಳಲ್ಲಿ ಕೈ ಮೊದಲು ಹೋಗುವುದು ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವ) ವೇಗವನ್ನು ಹೊಂದಿಸುವ ಸ್ಕ್ರೂ ಕಡೆಗೆ. ಅದನ್ನು ತಿರುಗಿಸಿ ಸ್ಪೀಡ್ ಹೆಚ್ಚಿಸಿದರೆ ಎಂಜಿನ್ ನಿಂತುಹೋಗುವುದು ತಪ್ಪಬಹುದು. ದೋಷ ಮಾತ್ರ ಹಾಗೆಯೇ ಉಳಿದು, ಪೆಟ್ರೋಲ್ ಖರ್ಚೂ ಏರುತ್ತದೆ. ಮಾರುತಿ 800, ಝೆನ್‌ಗಳಂಥ ಹಳೆಯ ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಚಿಮ್ಮಿಸುವ) ಕಾರುಗಳಲ್ಲಿ ಕಾರಣವನ್ನು ಪತ್ತೆ ಹಚ್ಚುವ ಕ್ರಮ ಇಲ್ಲಿದೆ.

ಮೊದಲು, ತೊಂದರೆ ಯಾವಾಗ ಕಾಣಿಸುತ್ತದೆ ಎಂಬುದನ್ನು ಗಮನಿಸಿ. ಬ್ರೇಕ್ ಒತ್ತಿದಾಗ ಮಾತ್ರ ಐಡ್ಲಿಂಗ್ ಬದಲಾದರೆ ಬ್ರೇಕ್ ಬೂಸ್ಟರ್ (ಎಂಜಿನ್ನಿನ ಒಳಸೆಳೆತದಿಂದ ಬ್ರೇಕಿಗೆ ಬಲ ಕೊಡುವ ಭಾಗ) ಅಥವಾ ಅದರ ಹೋಸ್ ಮೇಲೆ ಸಂಶಯಪಡಬೇಕು. ಎಸಿ ಹಾಕಿದಾಗ ಮಾತ್ರ ಕುಸಿದರೆ, ಐಡ್ಲಿಂಗ್‌ಗೆ ಬೇಕಾದಷ್ಟು ಗಾಳಿ ಬಿಡುವ ಐಡಲ್ ವಾಲ್ವ್ ಸರಿಯಾಗಿ ಸ್ಪಂದಿಸುತ್ತಿಲ್ಲ ಎನ್ನಬಹುದು. ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ಕೂಲೆಂಟ್ ಮಟ್ಟವನ್ನೂ ನೋಡಿಬಿಡಿ: ಅದು ಕಡಿಮೆಯಾದರೆ ತಾಪಮಾನದ ಸೆನ್ಸರ್ ಗಾಳಿಗುಳ್ಳೆಯಲ್ಲಿ ಸಿಕ್ಕಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುಗೆ ತಪ್ಪು ಲೆಕ್ಕ ಕೊಡಬಹುದು.

ಎರಡನೆಯದು ಗಾಳಿಯ ಸೋರಿಕೆ. ಹಳೆಯ ಕಾರಿನಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೇ. ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ಮುಚ್ಚಿದ್ದರೂ, ಎಂಜಿನ್ನಿನ ಗಾಳಿದಾರಿಗೆ ಜೋಡಿಸಿದ ಸೀಳಿದ ಹೋಸ್‌ನಿಂದ ಗಾಳಿ ಒಳನುಗ್ಗಿದಾಗ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುವ ಸಂಖ್ಯೆ) ಏರುತ್ತದೆ. ಚಾಲಕ ಆಕ್ಸಿಲರೇಟರ್ ಬಿಟ್ಟಿದ್ದಾನೆ, ಆದರೂ ಸ್ಪೀಡ್ ಹೆಚ್ಚಿದೆ ಎಂದು ಕಂಡ ಇಸಿಯು ಇಂಧನವನ್ನು ಕಡಿತಗೊಳಿಸುತ್ತದೆ. ಆರ್‌ಪಿಎಂ ಬಿದ್ದೊಡನೆ ಮತ್ತೆ ಕೊಡುತ್ತದೆ. ತಾಳಬದ್ಧವಾದ ಏರಿಳಿತ ಹುಟ್ಟುವುದು ಹೀಗೆ. ರಬ್ಬರ್ ಹೋಸ್ ಸಾಮಾನ್ಯವಾಗಿ ಸೀಳುವುದು ಪೈಪಿನ ಮೇಲೆ ಕೂರುವ ತುದಿಯಲ್ಲಿ, ಕ್ಲಿಪ್ಪಿನ ಅಡಿಯಲ್ಲಿ. ಮೇಲಿನಿಂದ ನೋಡಿದರೆ ಅದು ಸರಿಯಾಗಿಯೇ ಕಾಣುತ್ತದೆ, ಬೆರಳಿನಿಂದ ಬಗ್ಗಿಸಿದಾಗ ಮಾತ್ರ ಸೀಳು ಬಾಯಿ ಬಿಡುತ್ತದೆ. ಎಂಜಿನ್ ಓಡುತ್ತಿರುವಾಗ ಫ್ಯಾನ್ ಮತ್ತು ಬೆಲ್ಟ್‌ನಿಂದ ದೂರವಿದ್ದು, ಮೊಳದುದ್ದದ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದನ್ನು ಹೋಸ್‌ಗಳ ಮೇಲೆ ಆಡಿಸಿದರೆ ಸೋರುವ ಕಡೆ ಬುಸ್ ಎನ್ನುವ ಸದ್ದು ಕೇಳುತ್ತದೆ. ಸಂಶಯವಿದ್ದಲ್ಲಿ, ವಿದ್ಯುತ್ ಭಾಗಗಳಿಗೆ ತಾಗದಂತೆ ಸ್ವಲ್ಪ ನೀರು ಸಿಂಪಡಿಸಿ. ಐಡ್ಲಿಂಗ್ ಕ್ಷಣಕಾಲ ಬದಲಾದರೆ ಸೋರಿಕೆ ಅಲ್ಲಿಯೇ. ಇದೇ ಕೆಲಸಕ್ಕೆ ಕಾರ್ಬ್ ಕ್ಲೀನರ್ ಬಳಸುವವರಿದ್ದಾರೆ; ಬಿಸಿ ಸೈಲೆನ್ಸರ್ ಪೈಪಿನ ಪಕ್ಕದಲ್ಲಿ ಅದು ಬೆಂಕಿಯನ್ನು ಕರೆದಂತೆ.

ಎಂಜಿನ್ನಿನ ಒಳಸೆಳೆತವನ್ನು ಅಳೆಯುವ ವ್ಯಾಕ್ಯೂಮ್ ಗೇಜ್ ಇದ್ದರೆ ಇನ್ನೂ ಒಳ್ಳೆಯದು. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಎಂಜಿನ್ ಐಡ್ಲಿಂಗ್‌ನಲ್ಲಿ ಸುಮಾರು 17ರಿಂದ 21 ಇಂಚು (ಪಾದರಸದ ಅಳತೆ) ತೋರಿಸುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹೆಚ್ಚುಕಡಿಮೆ 3 ಇಂಚು ಕಡಿಮೆ ಬರುವುದು ಸಹಜವಾದ್ದರಿಂದ, ಮಂಗಳೂರಿನ ಅಳತೆಯನ್ನು ಇಲ್ಲಿ ನಿರೀಕ್ಷಿಸಿ ಗಾಬರಿಯಾಗಬೇಕಿಲ್ಲ. ಅಂಕಿಗಿಂತ ಮುಳ್ಳು ಸ್ಥಿರವಾಗಿದೆಯೇ ಎಂಬುದು ಮುಖ್ಯ.

ಸೋರಿಕೆ ಸಿಗದಿದ್ದರೆ ಎಂಜಿನ್ ನಿಲ್ಲಿಸಿ, ಥ್ರಾಟಲ್ ಬಾಡಿಯೊಳಗಿನ ತಿರುಗುವ ತಟ್ಟೆಯ (ಬಟರ್‌ಫ್ಲೈ) ಅಂಚಿನಲ್ಲಿ ಕಟ್ಟಿರುವ ಕಪ್ಪು ಇಂಗಾಲವನ್ನು ಕ್ಲೀನರ್ ಹಚ್ಚಿದ ಬಟ್ಟೆಯಿಂದ ಒರೆಸಿ. ಐಡಲ್ ವಾಲ್ವ್‌ನ ಗಾಳಿದಾರಿಯಲ್ಲೂ ಇದೇ ಕೊಳೆ ಕಟ್ಟಿರುತ್ತದೆ. ಎಂಜಿನ್ನಿನೊಳಗಿನ ಹೊಗೆಯನ್ನು ಮತ್ತೆ ಗಾಳಿದಾರಿಗೆ ಬಿಡುವ ಪಿಸಿವಿ ವಾಲ್ವನ್ನು ಹೊರತೆಗೆದು ಅಲುಗಿಸಿದಾಗ ಟಕಟಕ ಎನ್ನದಿದ್ದರೆ ಅದನ್ನು ಬದಲಿಸುವುದು ಲೇಸು.

ಆರ್‌ಪಿಎಂ ಏರಿಳಿಯದೆ ಎಂಜಿನ್ ಬರೀ ನಡುಗುತ್ತಿದ್ದರೆ ಅದು ಮಿಸ್ಸಿಂಗ್, ಅಂದರೆ ಯಾವುದೋ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಅದರ ಮೂಲ ಬೇರೆ. ಪ್ಲಗ್‌ಗಳನ್ನು ಬಿಚ್ಚಿ ನೋಡಿ: ತಿಳಿಕಂದು ಬಣ್ಣ ಸರಿ, ಒಣ ಮಸಿ ಕಟ್ಟಿದ್ದರೆ ಇಂಧನ ಹೆಚ್ಚು, ಬೆಳ್ಳಗಾಗಿದ್ದರೆ ಕಡಿಮೆ. ರಾತ್ರಿ ದೀಪ ಆರಿಸಿ, ಎಂಜಿನ್ ಓಡುತ್ತಿರುವಾಗ ಬಾನೆಟ್ ಎತ್ತಿದರೆ, ಹಳತಾದ ಪ್ಲಗ್ ವೈರುಗಳಿಂದ ಕಿಡಿ ಹಾರುವುದು ಕೆಲವೊಮ್ಮೆ ಬರಿಗಣ್ಣಿಗೇ ಕಾಣುತ್ತದೆ. ಆಗ ವೈರನ್ನು ಕೈಯಿಂದ ಮುಟ್ಟಬಾರದು.

ಸ್ಕ್ರೂವಿನ ಸರದಿ ಕೊನೆಗೆ, ಅದೂ ಮುಖ್ಯವಾಗಿ ಕಾರ್ಬೊರೇಟರ್ ಕಾರುಗಳಲ್ಲಿ. ಎಂಜಿನ್ ಪೂರ್ತಿ ಬಿಸಿಯಾಗಿ, ಚೋಕ್ ತೆರೆದು, ಎಸಿ ಮತ್ತು ದೀಪಗಳು ಆರಿದ್ದು, ಏರ್ ಫಿಲ್ಟರ್ ಜೋಡಿಸಿದ ಮೇಲೆ, ಬಾನೆಟ್ ಅಡಿಯ ಸ್ಟಿಕ್ಕರ್ ಅಥವಾ ಕೈಪಿಡಿಯಲ್ಲಿರುವ ಆರ್‌ಪಿಎಂಗೆ ನಿಲ್ಲಿಸಬೇಕು.