ಐದು ಯೂನಿಟ್‌ನ ಸಿ, ಒಂದು ಯೂನಿಟ್‌ನ ಎ: ಕಮ್ಯುನಿಟಿ ಕಾಲೇಜಿನ ಗ್ರೇಡ್ ತೂಗುವುದು ಹೇಗೆ?

ಕ್ಯಾಲಿಫೋರ್ನಿಯಾದಲ್ಲಿರುವ ಮೊಮ್ಮಗ ‘ಕಮ್ಯುನಿಟಿ ಕಾಲೇಜ್ ಸೇರಿದೆ ಅಜ್ಜಿ’ ಅಂದರೆ ಊರಿನಿಂದ ಬರುವ ಪ್ರಶ್ನೆ ಒಂದೇ: ‘ಯಾಕಪ್ಪಾ, ಬೇರೆಲ್ಲೂ ಸೀಟ್ ಸಿಗ್ಲಿಲ್ವಾ?’ ಅಜ್ಜಿಗೆ ಹೀಗೆ ಹೇಳಿ ನೋಡಿ. ನಮ್ಮಲ್ಲಿ ಡಿಪ್ಲೊಮಾ ಮುಗಿಸಿದವರು ನೇರ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗುತ್ತಾರಲ್ಲ, ಇದೂ ಹೆಚ್ಚುಕಡಿಮೆ ಹಾಗೇ. ಮೊದಲ ಎರಡು ವರ್ಷ ಕಡಿಮೆ ಫೀಸಿನ ಕಮ್ಯುನಿಟಿ ಕಾಲೇಜು, ಆಮೇಲಿನ ಎರಡು ವರ್ಷ ಯೂನಿವರ್ಸಿಟಿ. ಆ ರಾಜ್ಯದಲ್ಲಿ ಇಂಥ 116 ಕಾಲೇಜುಗಳಿವೆ. ಕುಪರ್ಟಿನೊದ ಡಿ ಆನ್ಜಾ, ಫ್ರೀಮಾಂಟ್‌ನ ಓಲೋನಿ ಅಂದರೆ ಬೇ ಏರಿಯಾದ ಕನ್ನಡಿಗರಿಗೆ ಪರಿಚಯ ಹೇಳಬೇಕಾಗಿಲ್ಲ.

ಒಂದು ವ್ಯತ್ಯಾಸವಿದೆ. ನಮ್ಮ ಡಿಸಿಇಟಿಯಂಥ ಪ್ರವೇಶ ಪರೀಕ್ಷೆ ಅಲ್ಲಿಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿ, ಹೈಸ್ಕೂಲ್ ಮಕ್ಕಳು ಬರೆಯುವ ಎಸ್‌ಎಟಿ ಪರೀಕ್ಷೆಯ ಅಂಕವನ್ನೂ ಕೇಳುವುದಿಲ್ಲ. ಮೂರನೇ ವರ್ಷಕ್ಕೆ ಸೇರುವವರ ಹೈಸ್ಕೂಲ್ ಗ್ರೇಡನ್ನೂ ನೋಡುವುದಿಲ್ಲ. ಹಾಗಾಗಿ ಕಾಲೇಜಿನ ಗ್ರೇಡುಗಳ ಮೇಲೇ ಭಾರ ಜಾಸ್ತಿ. ಅವನ್ನು ತೂಗುವ ಬಗೆ ಇದು.

ಮೊದಲು: ಯಾವ ಕೋರ್ಸ್ ಲೆಕ್ಕಕ್ಕಿದೆ ನೋಡಿ

ಕಾಲೇಜಿನಲ್ಲಿ ಓದಿದ್ದೆಲ್ಲ ಯುಸಿ ಲೆಕ್ಕಕ್ಕೆ ಬರುವುದಿಲ್ಲ. ಯುಸಿ ಒಪ್ಪುವ ಕೋರ್ಸುಗಳ ಗ್ರೇಡ್ ಮಾತ್ರ ಜಿಪಿಎಗೆ, ಅಂದರೆ ಗ್ರೇಡುಗಳ ಸರಾಸರಿಗೆ, ಸೇರುತ್ತದೆ. ಅಸಿಸ್ಟ್ ಡಾಟ್ ಆರ್ಗ್ ಎಂಬ ಜಾಲತಾಣದಲ್ಲಿ ನಿಮ್ಮ ಕಾಲೇಜು, ಸೇರಬೇಕಾದ ಯೂನಿವರ್ಸಿಟಿ, ಬೇಕಾದ ಮೇಜರ್ (ಪದವಿಯ ಮುಖ್ಯ ವಿಷಯ) ಆರಿಸಿದರೆ ಯಾವ ಕೋರ್ಸಿಗೆ ಯಾವುದು ಸಮ ಅಂತ ತೋರಿಸುತ್ತದೆ. ಕೋರ್ಸಿಗೆ ಹೆಸರು ಕೊಡುವ ಮೊದಲೇ ಇದನ್ನು ನೋಡಿ. ಗ್ರೇಡ್ ಬಂದ ಮೇಲೆ ನೋಡಿ ಪ್ರಯೋಜನವಿಲ್ಲ.

ಆಮೇಲೆ ಯೂನಿಟ್ ಲೆಕ್ಕ

ತುಂಬಾ ಜನ ಎಡವುವುದು ಇಲ್ಲೇ. ಎ ಗೆ 4, ಬಿ ಗೆ 3, ಸಿ ಗೆ 2, ಡಿ ಗೆ 1, ಎಫ್ ಗೆ ಸೊನ್ನೆ. ಇವನ್ನು ಸುಮ್ನೆ ಕೂಡಿಸಿ ಸರಾಸರಿ ತೆಗೆಯುವಂತಿಲ್ಲ. ಪ್ರತಿ ಗ್ರೇಡನ್ನೂ ಆ ಕೋರ್ಸಿನ ಯೂನಿಟ್‌ನಿಂದ, ಅಂದರೆ ನಮ್ಮ ಕ್ರೆಡಿಟ್‌ನಂಥ ಅಳತೆಯಿಂದ, ಗುಣಿಸಬೇಕು.

ಒಂದು ಸೆಮಿಸ್ಟರ್ ಹೀಗಿದೆ ಅಂದುಕೊಳ್ಳಿ. ಕ್ಯಾಲ್ಕುಲಸ್ 5 ಯೂನಿಟ್, ಸಿ. ಇಂಗ್ಲಿಷ್ 3 ಯೂನಿಟ್, ಎ. ಇತಿಹಾಸ 3 ಯೂನಿಟ್, ಎ. ಒಂದು ಲ್ಯಾಬ್ 1 ಯೂನಿಟ್, ಅದರಲ್ಲೂ ಎ. ಮೂರು ಎ, ಒಂದು ಸಿ, ಕಣ್ಣಳತೆಯಲ್ಲಿ 3.5 ಅನಿಸುತ್ತದೆ ಅಲ್ವಾ? ಗುಣಿಸಿ ನೋಡಿ: 10, 12, 12, 4. ಒಟ್ಟು 38. ಅದನ್ನು 12 ಯೂನಿಟ್‌ನಿಂದ ಭಾಗಿಸಿದರೆ 3.17. ಅದೇ ಸಿ ಇತಿಹಾಸದಲ್ಲಿ ಬಂದು, ಕ್ಯಾಲ್ಕುಲಸ್‌ನಲ್ಲಿ ಎ ಬಂದಿದ್ದರೆ 42 ಭಾಗ 12, ನಿಜವಾಗಲೂ 3.5 ಆಗುತ್ತಿತ್ತು. ಹೊರಲಾಗದ ಸೆಮಿಸ್ಟರಿನಲ್ಲಿ 5 ಯೂನಿಟ್ ಕೋರ್ಸನ್ನು ತುರುಕಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಡಿ ಆನ್ಜಾದಂಥ ಕಾಲೇಜಿನಲ್ಲಿ ಸೆಮಿಸ್ಟರ್ ಇಲ್ಲ, ಅದಕ್ಕಿಂತ ಚಿಕ್ಕ ಅವಧಿಯ ಕ್ವಾರ್ಟರ್. ಅಲ್ಲಿಯ 3 ಯೂನಿಟ್ ಅಂದರೆ ಸೆಮಿಸ್ಟರಿನ 2. ಎರಡು ಬಗೆಯ ಕಾಲೇಜಿನಲ್ಲೂ ಕೋರ್ಸ್ ಮಾಡಿದ್ದರೆ, ಮೊದಲು ಒಂದೇ ಅಳತೆಗೆ ತನ್ನಿ.

ಡಿ, ಎಫ್ ಬಂದರೆ?

ಅದೇ ಕೋರ್ಸನ್ನು ಮತ್ತೆ ಮಾಡಬಹುದು. ಆಗ ಹೊಸ ಗ್ರೇಡ್ ಲೆಕ್ಕಕ್ಕೆ ಬರುತ್ತದೆ. ಆದರೆ ಸಿ ಬಂದದ್ದನ್ನು ಎ ಮಾಡಿಕೊಳ್ಳೋಣ ಅಂತ ಮತ್ತೆ ಕೂತರೆ ಯುಸಿ ಆ ಎರಡನೇ ಗ್ರೇಡನ್ನು ಎಣಿಸುವುದಿಲ್ಲ. ವಿಚಿತ್ರ ಅನಿಸಬಹುದು, ಆದರೆ ನಿಯಮ ಹಾಗೇ ಇದೆ. ನಡುವೆ ಬಿಟ್ಟ ಕೋರ್ಸಿಗೆ ಬೀಳುವ ಡಬ್ಲ್ಯೂ ಗುರುತು ಜಿಪಿಎಯನ್ನು ಮುಟ್ಟುವುದಿಲ್ಲ, ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಕಾಲೇಜಿನ ಅಂಕಪಟ್ಟಿಯಲ್ಲಿ) ಮಾತ್ರ ಕಾಣುತ್ತದೆ. ಬರೀ ಪಾಸ್ ಅಂತ ತೆಗೆದುಕೊಂಡ ಕೋರ್ಸೂ ಜಿಪಿಎಗೆ ಸೇರುವುದಿಲ್ಲ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಒಂದು ವರ್ಷ ಬಿಕಾಂ ಓದಿ ಹೋದವರು ಅದನ್ನು ಮುಚ್ಚಿಡುವ ಹಾಗಿಲ್ಲ. ಓದಿದ ಕಾಲೇಜುಗಳನ್ನೆಲ್ಲ ಬರೆಯಲೇಬೇಕು. ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೇ ತುಂಬಿ. ನೀವೇ ಎ, ಬಿ ಅಂತ ಬದಲಾಯಿಸಲು ಹೋಗಬೇಡಿ.

ಎಷ್ಟಿದ್ದರೆ ಸಾಕು

ಯುಸಿಗೆ 60 ಸೆಮಿಸ್ಟರ್ ಯೂನಿಟ್ ಅಥವಾ 90 ಕ್ವಾರ್ಟರ್ ಯೂನಿಟ್ ಬೇಕು. ಆ ರಾಜ್ಯದ ನಿವಾಸಿಗಳಿಗೆ ಕನಿಷ್ಠ ಜಿಪಿಎ 2.4, ಹೊರಗಿನವರಿಗೆ 2.8. ಇದು ಬಾಗಿಲು ತಟ್ಟಲು ಬೇಕಾದಷ್ಟು ಮಾತ್ರ. ಬರ್ಕ್ಲಿ, ಲಾಸ್ ಏಂಜಲೀಸ್ ಕ್ಯಾಂಪಸ್‌ಗಳಲ್ಲಿ, ಅದರಲ್ಲೂ ಕಂಪ್ಯೂಟರ್ ಸೈನ್ಸಿಗೆ, 2.4 ಇಟ್ಟುಕೊಂಡು ಕಾಯುವುದು ದಂಡ. ಒಟ್ಟು ಜಿಪಿಎ ಚೆನ್ನಾಗಿದ್ದರೂ ಮೇಜರಿಗೆ ಬೇಕಾದ ಗಣಿತ, ಭೌತಶಾಸ್ತ್ರದ ಗ್ರೇಡುಗಳನ್ನು ಬೇರೆಯಾಗಿ ನೋಡುತ್ತಾರೆ. ಸುಲಭದ ಕೋರ್ಸುಗಳಲ್ಲಿ ಎ ಗುಡ್ಡೆ ಹಾಕಿದರೆ ಅಲ್ಲಿ ಸಿಕ್ಕಿಬೀಳುತ್ತೀರಿ.

ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರು ಕ್ಯಾಂಪಸ್‌ಗಳಲ್ಲಿ ‘ಟ್ಯಾಗ್’ ಎಂಬ ಖಾತರಿ ಪ್ರವೇಶವಿದೆ. ಅವು ಕೇಳುವ ಜಿಪಿಎ, ಕೋರ್ಸುಗಳಿದ್ದರೆ ಸೀಟು ಗಟ್ಟಿ. ಒಂದೇ ಕ್ಯಾಂಪಸ್ ಆರಿಸಬೇಕು, ಸೆಪ್ಟೆಂಬರ್‌ನಲ್ಲೇ ಅರ್ಜಿ ಹಾಕಬೇಕು. ಎಲ್ಲ ಮೇಜರಿಗೂ ಈ ಖಾತರಿ ಇಲ್ಲ, ಕೌನ್ಸೆಲರ್ ಹತ್ತಿರ ಕೇಳಿಕೊಳ್ಳಿ.

ಅರ್ಜಿ ಹಾಕಿದ ಮೇಲೆ

ಮುಖ್ಯ ಅರ್ಜಿ ಅಕ್ಟೋಬರ್, ನವೆಂಬರ್‌ನಲ್ಲಿ. ಜನವರಿಯಲ್ಲಿ ಹಿಂದಿನ ಟರ್ಮಿನ ಗ್ರೇಡನ್ನು ಮತ್ತೆ ತುಂಬಬೇಕು. ಇದನ್ನು ಮರೆಯಬೇಡಿ. ಸೀಟು ಸಿಕ್ಕರೂ ಅದು ಷರತ್ತಿನ ಸೀಟು. ಕೊನೆಯ ಟರ್ಮಿನಲ್ಲಿ ಡಿ ಬಂದರೆ, ಹೇಳದೆ ಕೋರ್ಸ್ ಬಿಟ್ಟರೆ, ಕೈತಪ್ಪಬಹುದು.

ಯುಸಿ ಒಳಗೆ ಹೋದ ಮೇಲೆ ನಿಮ್ಮ ಯೂನಿಟ್ ಜೊತೆಗೆ ಬರುತ್ತದೆ, ಗ್ರೇಡ್ ಬರುವುದಿಲ್ಲ. ಹಳೆಯ 3.9 ಇದ್ದರೂ 2.9 ಇದ್ದರೂ ಅಲ್ಲಿಯ ಜಿಪಿಎ ಹೊಸದಾಗಿ ಶುರು. ಹಳೆಯ ಟ್ರಾನ್ಸ್‌ಕ್ರಿಪ್ಟನ್ನು ಮಾತ್ರ ಎಸೆಯಬೇಡಿ. ಮುಂದೆ ಮೆಡಿಕಲ್ ಸ್ಕೂಲಿಗೋ ಲಾ ಸ್ಕೂಲಿಗೋ ಅರ್ಜಿ ಹಾಕಿದರೆ, ಆ ಕ್ಯಾಲ್ಕುಲಸ್‌ನ ಸಿ ಮತ್ತೆ ಲೆಕ್ಕಕ್ಕೆ ಬರುತ್ತದೆ.