ಹಳೆಯ ಬೋರ್ಡೊ ವೈನ್: ಗಸಿ ಕದಡದಂತೆ ತಿಳಿ ಬಗ್ಗಿಸುವ ಬಗೆ

ಫ್ರಾನ್ಸಿನ ನೈಋತ್ಯದಲ್ಲಿ, ಬೋರ್ಡೊ ಪ್ರಾಂತಕ್ಕೆ ಸೇರಿದ, ಜಿರೋಂದ್ ಅಳಿವೆಯ ಎಡದಂಡೆಯ ಮೆದೋಕ್ ಸೀಮೆಯಲ್ಲಿ ತಯಾರಾಗುವ ಕೆಂಪು ವೈನ್ ಎಳೆಯದಾಗಿದ್ದಾಗ ಹೀಚು ಬಾಳೆಕಾಯಿಯಂತೆ ನಾಲಿಗೆಯನ್ನು ಹಿಡಿದುಕೊಳ್ಳುವಷ್ಟು ಒಗರಾಗಿರುತ್ತದೆ. ಅಲ್ಲಿನ ಗರಸು ನೆಲಕ್ಕೆ ಚೆನ್ನಾಗಿ ಒಗ್ಗಿರುವ ಕ್ಯಾಬರ್ನೆ ಸೊವಿನ್ಯೋನ್ ದ್ರಾಕ್ಷಿಯ ದಪ್ಪ ಸಿಪ್ಪೆಯಿಂದಲೂ ಬೀಜದಿಂದಲೂ ಇಳಿಯುವ ಟ್ಯಾನಿನ್ ಈ ಒಗರಿಗೆ ಕಾರಣ. ವರ್ಷಗಳು ಉರುಳಿದಂತೆ ಟ್ಯಾನಿನ್ ಮತ್ತು ಬಣ್ಣದ ಅಂಶಗಳು ಒಂದಕ್ಕೊಂದು ಕೂಡಿಕೊಂಡು, ಭಾರವಾಗಿ, ಬಾಟಲಿಯ ತಳದಲ್ಲಿ ಗಸಿಯಾಗಿ ಕೂರುತ್ತವೆ. ಮೇಲಿನ ವೈನ್ ಮೃದುವಾಗುತ್ತದೆ. ಎಲ್ಲ ವೈನಿಗೂ ಈ ಭಾಗ್ಯವಿಲ್ಲ. ಅಂಗಡಿಯ ಬಹುಪಾಲು ಬಾಟಲಿಗಳು ನಾಲ್ಕೈದು ವರ್ಷದೊಳಗೆ ಕುಡಿದು ಮುಗಿಸಬೇಕಾದವು. ಬೋರ್ಡೊದ ಉತ್ತಮ ತೋಟಗಳಿಗೆ ದರ್ಜೆ ಕೊಟ್ಟ 1855ರ ಶ್ರೇಣಿಪಟ್ಟಿಯಲ್ಲಿರುವ ತೋಟಗಳ 1982 ಅಥವಾ 2005ರಂಥ ಒಳ್ಳೆಯ ಬೆಳೆಯ ವೈನ್‌ಗಳಂಥವು ಮಾತ್ರ ದಶಕಗಳ ಕಾಲ ಮಾಗಬಲ್ಲವು.

ಮಾಗಿಸುವುದಕ್ಕೆ ಕತ್ತಲೆಯೂ 12–13 ಡಿಗ್ರಿ ಸೆಲ್ಸಿಯಸ್‌ನ ಏರಿಳಿತವಿಲ್ಲದ ತಂಪೂ ಬೇಕು. ಕಾರ್ಕ್ ಒಣಗಿ ಗಾಳಿ ನುಸುಳಬಾರದೆಂದು ಬಾಟಲಿಯನ್ನು ಅಡ್ಡಲಾಗಿ ಮಲಗಿಸಿಡುತ್ತಾರೆ. ಪ್ಯಾರಿಸ್‌ನಿಂದ ಬಂದ ನೆಂಟರು ತಂದುಕೊಟ್ಟ ಬಾಟಲಿಯನ್ನು ಬೆಂಗಳೂರಿನ ಮನೆಯ ಷೋಕೇಸಿನಲ್ಲಿ ಅಲಂಕಾರಕ್ಕೆ ನಿಲ್ಲಿಸಿದರೆ ಎರಡು ಬೇಸಿಗೆಗೇ ಅದು ಬೆಂದಂತಾಗುತ್ತದೆ. ಇದಕ್ಕೆಂದೇ ಇರುವ ವೈನ್ ಫ್ರಿಜ್ ಇಲ್ಲದವರು ಮಾಗಿಸುವ ಆಸೆಯನ್ನು ಬಿಟ್ಟು ಬೇಗ ಕುಡಿಯುವುದೇ ಲೇಸು.

ತೆರೆಯುವ ದಿನ ಗೊತ್ತಾದ ಮೇಲೆ, ಅದಕ್ಕಿಂತ ಒಂದು ದಿನ ಮೊದಲೇ, ಸಾಧ್ಯವಾದರೆ ಎರಡು ದಿನ ಮೊದಲೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಪಕ್ಕೆಗೆ ಅಂಟಿದ ಗಸಿ ತಳಕ್ಕಿಳಿಯುವಂತೆ ಮಾಡಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ಮೂವತ್ತು ವರ್ಷ ಕಾದವರಿಗೂ ಈ ಒಂದು ದಿನದ ತಾಳ್ಮೆ ಇರುವುದಿಲ್ಲ. ಹಳೆಯ ಕಾರ್ಕ್ ಪುಡಿಯಾಗುವ ಸಂಭವ ಹೆಚ್ಚಾದ್ದರಿಂದ, ಸುರುಳಿ ತಿರುಪಿನ ಬದಲು ಕಾರ್ಕಿನ ಎರಡೂ ಮಗ್ಗುಲಿಗೆ ಇಳಿಯುವ ಜೋಡಿ ಅಲಗಿನ ಸಾಧನವನ್ನು ಬಳಸುವುದು ಉತ್ತಮ.

ಬಗ್ಗಿಸುವ ಕೆಲಸ, ಕಾಯಿಸಿದ ತುಪ್ಪವನ್ನು ಗಸಿ ಬಾರದಂತೆ ಡಬ್ಬಿಗೆ ಇಳಿಸಿಕೊಂಡು ರೂಢಿಯಿರುವ ಕೈಗೆ ಹೊಸದೇನಲ್ಲ. ಕತ್ತಿನ ಮೇಲಿನ ತಗಡನ್ನು ಪೂರ್ತಿ ಕತ್ತರಿಸಿ ತೆಗೆದು, ಬಾಟಲಿಯ ಭುಜದ ಕೆಳಗೆ ಉರಿಯುವ ಮೋಂಬತ್ತಿಯನ್ನೋ ಮೊಬೈಲಿನ ಟಾರ್ಚನ್ನೋ ಇಟ್ಟುಕೊಂಡು, ನಡುವೆ ಎಲ್ಲಿಯೂ ನಿಲ್ಲಿಸದೆ ಒಂದೇ ಸಣ್ಣ ಧಾರೆಯಾಗಿ ಗಾಜಿನ ಹೂಜಿಗೆ ಸುರಿಯಬೇಕು. ಬೆಳಕಿನಲ್ಲಿ ಮೊದಲು ಹೊಗೆಯಂಥ ಒಂದು ಎಳೆ ಭುಜದತ್ತ ತೇಲಿಬರುತ್ತದೆ, ಅದರ ಬೆನ್ನಿಗೇ ಕಪ್ಪು ಕಾಳುಗಳು ಬರುತ್ತವೆ. ಹೊಗೆಯ ಎಳೆ ಕತ್ತನ್ನು ಮುಟ್ಟುವ ಮೊದಲೇ ಕೈ ನಿಲ್ಲಬೇಕು. ತಳದಲ್ಲಿ ಉಳಿಯುವ ಎರಡು ಬೆರಳಿನಷ್ಟು ವೈನಿಗಾಗಿ ಆಸೆಪಟ್ಟರೆ ಹೂಜಿಯೆಲ್ಲ ಕದಡುತ್ತದೆ.

ಎಳೆಯ ವೈನನ್ನು ಗಾಳಿಯಾಡಲು ಗಂಟೆಗಟ್ಟಲೆ ಹೂಜಿಯಲ್ಲಿ ಬಿಡುವ ಪದ್ಧತಿ ಇಲ್ಲಿ ಸಲ್ಲದು. ಮುದಿ ವೈನಿನ ಪರಿಮಳ ಅರ್ಧ ಗಂಟೆಯಲ್ಲೇ ಹಾರಿಹೋಗಬಹುದಾದ್ದರಿಂದ ಬಗ್ಗಿಸಿದ ಕೂಡಲೇ ಬಡಿಸಬೇಕು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕೆಂಬ ಮಾತು ಹಿಂದಿನ ಕಾಲದ ಯುರೋಪಿನ ತಣ್ಣನೆಯ ಕೋಣೆಗಳದ್ದು. ಲೆಕ್ಕದಲ್ಲಿ ಅದು 16ರಿಂದ 18 ಡಿಗ್ರಿ.

ಲೋಟದ ಮೂರನೇ ಒಂದು ಭಾಗ ಮಾತ್ರ ತುಂಬಿ, ಬಿಳಿ ಬಟ್ಟೆಯ ಮೇಲೆ ಓರೆಯಾಗಿ ಹಿಡಿದರೆ ಅಂಚಿನಲ್ಲಿ ಹೆಂಚಿನ ಬಣ್ಣ ಕಾಣುತ್ತದೆ. ಫ್ರೆಂಚರೂ ಅದನ್ನು ಹೆಂಚಿನ ಹೆಸರಿನಿಂದಲೇ, ‘ತ್ವೀಲೆ’ ಎಂದು ಕರೆಯುತ್ತಾರೆ. ಮೂಗಿಗೆ ದೇವದಾರು, ಹೊಗೆಸೊಪ್ಪು, ಹಳೆಯ ಚರ್ಮ, ಮಳೆಗಾಲದ ಕಾಡಿನಲ್ಲಿ ಕೊಳೆತ ಎಲೆ, ಅಣಬೆ ಇವುಗಳ ವಾಸನೆ ಬಂದರೆ ಸರಿಯಾಗಿ ಮಾಗಿದೆ ಎಂದರ್ಥ. ತೊಯ್ದ ರಟ್ಟಿನ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ. ಎಷ್ಟು ಹೊತ್ತು ಗಾಳಿಗೆ ಬಿಟ್ಟರೂ ಅದು ಹೋಗುವುದಿಲ್ಲ. ಗುಟುಕನ್ನು ಬಾಯಲ್ಲಿ ಒಂದು ಸುತ್ತು ಆಡಿಸಿ ನುಂಗಿದ ಮೇಲೆ, ರುಚಿ ಎಷ್ಟು ಹೊತ್ತು ನಾಲಿಗೆಯ ಮೇಲೆ ನಿಲ್ಲುತ್ತದೆ ಎಂಬುದನ್ನು ಗಮನಿಸಬೇಕು.

ಜೊತೆಗೆ ಮೆದೋಕ್‌ನ ಪೊಯಾಕ್ ಊರಿನವರು ತಮ್ಮ ಊರಿನ ಎಳೆಗುರಿಯ ಹುರಿದ ಮಾಂಸವನ್ನು ಬಡಿಸುತ್ತಾರೆ. ಉಪ್ಪು, ತುಸು ಮೆಣಸು ಬಿದ್ದರೆ ಸಾಕು. ನಮ್ಮ ಮಸಾಲೆಯ ಮುಂದೆ ಈ ಮುದಿ ವೈನ್ ತುಟಿಪಿಟಕ್ಕೆನ್ನದು. 750 ಮಿಲಿಲೀಟರಿನ ಬಾಟಲಿಯಲ್ಲಿ ಗಸಿ ಕಳೆದು ಐದು ಲೋಟ ಸಿಗುತ್ತದೆ. ಮರುದಿನಕ್ಕೆ ಉಳಿಸಿದರೆ ಸಪ್ಪೆಯಾಗುವುದರಿಂದ, ಕರೆಯುವ ಅತಿಥಿಗಳ ಸಂಖ್ಯೆಯನ್ನು ಅದಕ್ಕೆ ತಕ್ಕಂತೆ ಮೊದಲೇ ಲೆಕ್ಕ ಹಾಕಿಕೊಂಡಿರಬೇಕು.