ಮೆಣಸಿನ ಬುಡಕ್ಕೆ ಹಸಿರು ಬೂಷ್ಟು: ಸೊರಗು ರೋಗ ತಡೆದ ನನ್ನ ಅನುಭವ

ಟ್ರೈಕೋಡರ್ಮಾ ಎಂಬ ಹಸಿರು ಬೂಷ್ಟು ಹಾಕಿದರೆ ಕಾಳುಮೆಣಸಿನ ಸೊರಗು ರೋಗ ನಿಲ್ಲುವುದಿಲ್ಲ, ದುಡ್ಡು ದಂಡ ಅನ್ನುವ ಮಾತು ತೀರ್ಥಹಳ್ಳಿ, ಹೊಸನಗರದ ಕಡೆ ಯಾವ ತೋಟಕ್ಕೆ ಹೋದರೂ ಕಿವಿಗೆ ಬೀಳುತ್ತದೆ. ನನ್ನ ತೋಟದಲ್ಲಿ ನಿಂತಿದೆ. ಅಡಿಕೆ ಮರಕ್ಕೆ ಹಬ್ಬಿಸಿದ ಬಳ್ಳಿ ಸುಮಾರು 300 ಇವೆ, ಹೆಚ್ಚಿನವು ಪಣಿಯೂರು-1. ರೋಗಕ್ಕೆ ಬೇಗ ಬಗ್ಗುವ ತಳಿ ಅದು. ಮೊದಲು ಒಂದು ಮಳೆಗಾಲಕ್ಕೆ 30-40 ಬಳ್ಳಿ ಹೋಗುತ್ತಿದ್ದವು, ಈಗ ನಾಲ್ಕೈದು.

ಉಳಿದವರಿಗೆ ಯಾಕೆ ಹಿಡಿಯುವುದಿಲ್ಲ ಅಂದರೆ, ಆಗಸ್ಟ್‌ನಲ್ಲಿ ಎಲೆ ಹಳದಿಯಾದ ಮೇಲೆ ಪ್ಯಾಕೆಟ್ ತಂದು ನೀರಿಗೆ ಕಲಸಿ ಸುರಿಯುತ್ತಾರೆ. ಅಷ್ಟರಲ್ಲಿ ಸೊರಗು ರೋಗ ತರುವ ಫೈಟೊಫ್ತೊರಾ ಬುಡದ ತೊಗಟೆ ತಿಂದು ಮುಗಿಸಿರುತ್ತದೆ. ಅದರ ಬೀಜಕಣಕ್ಕೆ ಬಾಲವಿದೆ. ಮಣ್ಣಿನ ನೀರಿನಲ್ಲಿ ಈಜುತ್ತಾ, ಬೇರು ಸ್ರವಿಸುವ ರಸದ ಜಾಡು ಹಿಡಿದು ಬರುತ್ತದೆ. ಟ್ರೈಕೋಡರ್ಮಾಕ್ಕೆ ಈಜು ಬರುವುದಿಲ್ಲ. ಅದು ಮೊದಲೇ ಬಂದು ಬೇರಿನ ಹೊರಪದರದಲ್ಲಿ ಕೂತಿರಬೇಕು. ಕೂತರೆ ಎರಡು ಲಾಭ. ಶತ್ರುವಿನ ಎಳೆಗೆ ಸುತ್ತಿಕೊಂಡು ಕಿಣ್ವ ಬಿಟ್ಟು ಅದರ ಗೋಡೆ ಕರಗಿಸುತ್ತದೆ, ಜೊತೆಗೆ ಬಳ್ಳಿಯ ಸ್ವಂತ ರಕ್ಷಣೆಯನ್ನೂ ಎಚ್ಚರಿಸಿಡುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ಒಂದೆರಡು ಒಳ್ಳೆಯ ಮಳೆ ಬಿದ್ದು ಮಣ್ಣು ಹಸಿಯಾದ ಕೂಡಲೇ ನನ್ನ ಮೊದಲ ಸರದಿ. ಮಳೆ ಇಳಿದ ಮೇಲೆ ಸೆಪ್ಟೆಂಬರ್‌ನಲ್ಲಿ ಎರಡನೆಯದು.

ಟ್ರೈಕೋಡರ್ಮಾದ ಕಲ್ಚರ್, ಅಂದರೆ ಕಾಳಿನ ಮೇಲೆ ಬೆಳೆಸಿದ ಬೂಷ್ಟನ್ನು, ಮನೆಯಲ್ಲೇ ಮಾಡುತ್ತೇನೆ. ಜೋಳವನ್ನು ಅರ್ಧ ಬೇಯಿಸಬೇಕು, ಕಾಳು ಒಡೆಯಬಾರದು. ಬಸಿದು ಬಟ್ಟೆಯ ಮೇಲೆ ಹರಡಿ, ಹಿಡಿದರೆ ಕೈಗೆ ನೀರು ಅಂಟದಷ್ಟು ಆರಿಸಿ. ಕುಕ್ಕರ್‌ಗೆ ತಡೆಯುವ ಪಾಲಿಪ್ರೊಪಿಲಿನ್ ಚೀಲಕ್ಕೆ ಕಾಲು ಕೆಜಿ ತುಂಬಿ, ಹತ್ತಿಯ ಬಿರಡೆ ಹಾಕಿ, ಸೀಟಿ ಬಂದ ಮೇಲೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಪೂರ್ತಿ ತಣಿಯದೆ ಬೀಜ (ಬೂಷ್ಟಿನ ತಾಯಿ ಕಲ್ಚರ್) ಹಾಕಿದರೆ ಬೀಜ ಬೇಯುತ್ತದೆ. ತಾಯಿ ಕಲ್ಚರ್ ನಳಿಕೆಯಲ್ಲಿ ಬೆಳೆಸಿದ ಶುದ್ಧವಾದದ್ದೇ ಬೇಕು. ಅಂಗಡಿಯಲ್ಲಿ ಸಿಗುವ, ಟಾಲ್ಕ್‌ಗೆ ಬೆರೆಸಿದ ಟ್ರೈಕೋಡರ್ಮಾ ಪುಡಿಯಿಂದ ಶುರುಮಾಡಿದರೆ ಪುಡಿಯಲ್ಲಿರುವ ಪರಕೀಯರೂ ಬೆಳೆಯುತ್ತಾರೆ. ಚೀಲದಿಂದ ಚೀಲಕ್ಕೆ ಮೂರು ನಾಲ್ಕು ಪೀಳಿಗೆ ದಾಟಿಸಿದರೆ ಕಸುವು ಇಳಿಯುತ್ತದೆ, ಮತ್ತೆ ನಳಿಕೆಗೇ ಹೋಗಿ. ಎರಡು ಮೂರು ದಿನಕ್ಕೆ ಬಿಳಿ, ವಾರದೊಳಗೆ ಹಸಿರು.

ಕೆಡುವುದು ಹೇಗೆಲ್ಲ ಅಂತ ಗೊತ್ತಿರಲಿ. ಲೋಳೆಯಾಗಿ ಹುಳಿವಾಸನೆ ಬಂದರೆ ಬ್ಯಾಕ್ಟೀರಿಯಾ. ಕಾಳಿನಲ್ಲಿ ನೀರು ಹೆಚ್ಚಿತ್ತು. ಕಪ್ಪು ಪುಡಿ ಆಸ್ಪರ್ಜಿಲ್ಲಸ್ ನೈಜರ್ ಎಂಬ ಬೇರೆ ಬೂಷ್ಟು. ಕಿತ್ತಳೆ ಬಣ್ಣದ ಪುಡಿ ಕಂಡರೆ ಆ ಚೀಲ ಬಿಚ್ಚಲೇಬೇಡಿ, ಹಾಗೇ ಮತ್ತೆ ಕುಕ್ಕರ್‌ಗೆ ಹಾಕಿ. ಇಲ್ಲದಿದ್ದರೆ ಇಡೀ ಕೋಣೆ ಹಿಡಿಯುತ್ತದೆ. ಹಳದಿ ಮಿಶ್ರಿತ ಹಸಿರು ಬಂದರೆ ಆಸ್ಪರ್ಜಿಲ್ಲಸ್ ಫ್ಲೇವಸ್ ಇರಬಹುದು. ಅದು ಅಫ್ಲಟಾಕ್ಸಿನ್ ಎಂಬ ವಿಷ ಮಾಡುತ್ತದೆ, ಆ ಜೋಳ ದನದ ಬಾಯಿಗೂ ಕೋಳಿಯ ಬಾಯಿಗೂ ಹೋಗಕೂಡದು. ಟ್ರೈಕೋಡರ್ಮಾ ಕಡುಹಸಿರು, ಎಷ್ಟೋ ತಳಿಗಳಿಗೆ ತೆಂಗಿನಕಾಯಿಯ ಪರಿಮಳ ಇರುತ್ತದೆ. ಜೂನ್-ಜುಲೈನಲ್ಲಿ ನಮ್ಮ ಮಲೆನಾಡಿನ ಹವೆಗೆ ಹತ್ತಿಯ ಬಿರಡೆಯೇ ಒದ್ದೆಯಾಗಿ ಅರ್ಧಕ್ಕರ್ಧ ಚೀಲ ಹಾಳಾಗುತ್ತವೆ. ಮೇ ತಿಂಗಳಿಗೆ ಬೇಕಾದದ್ದನ್ನು ಏಪ್ರಿಲ್‌ನಲ್ಲೇ ಮುಗಿಸಿಬಿಡಿ.

ಬರೀ ಕಾಳು ಎರಚಿದರೆ ಇರುವೆಯ ಪಾಲು. 90 ಕೆಜಿ ಹಳೆಯ ಕೊಟ್ಟಿಗೆ ಗೊಬ್ಬರ, 10 ಕೆಜಿ ಬೇವಿನ ಹಿಂಡಿಗೆ ಎರಡು ಕೆಜಿ ಕಲ್ಚರ್ ಬೆರೆಸಿ, ನೆರಳಿನಲ್ಲಿ ಮೊಣಕಾಲೆತ್ತರದ ಗುಡ್ಡೆ ಮಾಡಿ ಒದ್ದೆ ಗೋಣಿ ಹೊದಿಸಿ. ನಾಲ್ಕೈದು ದಿನಕ್ಕೊಮ್ಮೆ ಮಗುಚಿದರೆ ಎರಡು ವಾರಕ್ಕೆ ಗುಡ್ಡೆಯ ಒಳಗೆಲ್ಲ ಹರಡಿರುತ್ತದೆ. ಹಸಿ ಸಗಣಿ ಇದ್ದರೆ ಗುಡ್ಡೆ ಕಾಯುತ್ತದೆ. ಕೈ ಇಡಲಾಗದಷ್ಟು ಬಿಸಿಯಾದರೆ ಒಳಗಿನದೆಲ್ಲ ಸತ್ತ ಲೆಕ್ಕ.  

ಬಳ್ಳಿಗೆ ಐದು ಕೆಜಿ. ಬುಡ ಕೆದಕಬೇಡಿ, ಕೆದಕಿದರೆ ಎಳೆಬೇರಿಗೆ ಗಾಯ, ಗಾಯವೇ ರೋಗಕ್ಕೆ ಬಾಗಿಲು. ಸುತ್ತ ಹರಡಿ ಮೇಲೆ ದಪ್ಪಗೆ ದರಕು (ಒಣ ತರಗೆಲೆ) ಮುಚ್ಚಿ. ನೆಲದ ಮೇಲೆ ಹರಿದ ಹಂಬುಗಳನ್ನು ಕತ್ತರಿಸಿ ಅಥವಾ ಎತ್ತಿ ಕಟ್ಟಿ. ಮಳೆಹನಿ ಸಿಡಿದ ಮಣ್ಣು ಮೊದಲು ತಾಗುವುದು ಅವಕ್ಕೇ.

ಖರ್ಚು: ಕಲ್ಚರ್ ನನಗೆ ಕೆಜಿಗೆ 60-70 ರೂಪಾಯಿಗೆ ಬೀಳುತ್ತದೆ, ಕೊಂಡರೆ ಅದರ ಎರಡು ಮೂರು ಪಟ್ಟು. ದುಡ್ಡು ತಿನ್ನುವುದು ಬೇವಿನ ಹಿಂಡಿ. 300 ಬಳ್ಳಿಯ ಒಂದು ಸರದಿಗೆ, ಮನೆಯ ಗೊಬ್ಬರ ಮತ್ತು ಕೂಲಿ ಬಿಟ್ಟು, ಏಳೆಂಟು ಸಾವಿರ. ಒಂದು ಬಳ್ಳಿಗೆ ಒಂದೂವರೆ ಕೆಜಿ ಒಣ ಮೆಣಸು, ಕೆಜಿಗೆ 600 ರೂಪಾಯಿ ಹಿಡಿದರೂ 30 ಬಳ್ಳಿ ಉಳಿದರೆ 27,000. ಅದೂ ಒಂದೇ ವರ್ಷದ್ದು. ಸತ್ತ ಬಳ್ಳಿಯ ಜಾಗದಲ್ಲಿ ಹೊಸದು ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು.

ಮೈಲುತುತ್ತದ ವಿಷಯದಲ್ಲಿ ಹುಷಾರು, ಅದು ಟ್ರೈಕೋಡರ್ಮಾಕ್ಕೂ ಆಗದು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಯದೆ ನಮಗೆ ವಿಧಿಯಿಲ್ಲ, ಆದರೆ ಅಡಿಕೆ ಗೊನೆಯಿಂದ ಇಳಿಯುವ ದ್ರಾವಣ ಬೀಳುವುದು ಮೆಣಸಿನ ಬುಡಕ್ಕೇ. ಬೋರ್ಡೋ, ಟ್ರೈಕೋಡರ್ಮಾ ಎರಡರ ನಡುವೆ ಮೂರು ವಾರ ಅಂತರ ಬಿಡುತ್ತೇನೆ, ಬಿದ್ದದ್ದನ್ನು ದರಕು ಹೀರಿಕೊಳ್ಳುತ್ತದೆ. ಕಾರ್ಬೆಂಡಾಜಿಮ್ ಎಂಬ ಶಿಲೀಂಧ್ರನಾಶಕ ಅಂತೂ ಬೇಡವೇ ಬೇಡ. ಫೈಟೊಫ್ತೊರಾ ನಿಜವಾದ ಶಿಲೀಂಧ್ರವಲ್ಲ, ಕಂದು ಪಾಚಿಯ ಸಂಬಂಧಿ. ಆ ಔಷಧಿ ಅದನ್ನು ಮುಟ್ಟದೆ ನಮ್ಮ ಟ್ರೈಕೋಡರ್ಮಾವನ್ನೇ ಕೊಲ್ಲುತ್ತದೆ. ರೋಗ ಕಂಡ ಬಳ್ಳಿಗೆ ಪೊಟ್ಯಾಸಿಯಂ ಫಾಸ್ಫೊನೇಟ್ ಲೀಟರಿಗೆ 3 ಮಿ.ಲೀ. ಅಥವಾ ಮೆಟಲಾಕ್ಸಿಲ್-ಮ್ಯಾಂಕೋಜೆಬ್ 1.25 ಗ್ರಾಂ. ಇವೆರಡರ ಜೊತೆ ಟ್ರೈಕೋಡರ್ಮಾ ಬದುಕುತ್ತದೆ.

ಬುಡದಲ್ಲಿ ರೋಗ ಇದೆಯೋ ಇಲ್ಲವೋ ನೋಡಲು ಮಣ್ಣನ್ನು ಡಬ್ಬಿಯ ನೀರಿನಲ್ಲಿ ಕದಡಿ, ಮೆಣಸಿನ ಎಳೆ ಎಲೆಯ ಚೂರು ತೇಲಿಬಿಡಿ. ಎರಡು ಮೂರು ದಿನದಲ್ಲಿ ಅಂಚಿನಿಂದ ಕಪ್ಪು ಹರಡಿದರೆ ಅನುಮಾನ ಗಟ್ಟಿಮಾಡಿಕೊಳ್ಳಿ. ಇದಕ್ಕೆ ಪೈಸೆ ಖರ್ಚಿಲ್ಲ. ಅಣಬೆ ಬೆಳೆಸುವವರಿಗೆ ಒಂದು ಮಾತು: ಇದೇ ಟ್ರೈಕೋಡರ್ಮಾ ಹುಲ್ಲಿನ ಚೀಲಕ್ಕೆ ಹೊಕ್ಕರೆ ಚಿಪ್ಪಣಬೆಯನ್ನು ನುಂಗಿಹಾಕುತ್ತದೆ. ಎರಡನ್ನೂ ಒಂದೇ ಸೂರಿನಡಿ ಇಡಬೇಡಿ, ಬಟ್ಟೆ ಬದಲಿಸದೆ ಒಂದರಿಂದ ಇನ್ನೊಂದಕ್ಕೆ ಹೋಗಬೇಡಿ. ನರ್ಸರಿ ಕಡ್ಡಿಗಳಿಗೆ, ಬೇರಿನ ಜೊತೆ ಕೂಡಿ ಬಾಳುವ ಶಿಲೀಂಧ್ರ ಮೈಕೊರೈಜಾವನ್ನೂ ಕೊಟ್ಟು ನೋಡಿದೆ. ಸೂಪರ್ ಫಾಸ್ಫೇಟ್ ಧಾರಾಳ ಹಾಕಿದ ಚೀಲಗಳಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ರಂಜಕ ಸುಲಭಕ್ಕೆ ಸಿಕ್ಕಿದರೆ ಬೇರು ಆ ಶಿಲೀಂಧ್ರಕ್ಕೆ ಸಕ್ಕರೆ ಕೊಟ್ಟು ಸಾಕುವುದಿಲ್ಲ. ಫಾಸ್ಫೇಟ್ ಇಲ್ಲದವು ಚೆನ್ನಾಗಿ ಬೇರು ಬಿಟ್ಟವು.

ಬಸಿಗಾಲುವೆ ಎಷ್ಟು ತೋಡಿದರೂ ನೀರು ನಿಲ್ಲುವ ಜಾಗಕ್ಕೆ ಈ ಉಪಾಯ ಸಾಲದು. ಅಲ್ಲಿ ಮೆಣಸಿನ ಸಂಬಂಧಿಯಾದ ಬ್ರೆಜಿಲ್ ಹಿಪ್ಪಲಿಯ ಬುಡಕ್ಕೆ ಕಸಿ ಕಟ್ಟಿದ ಮೆಣಸಿನ ಗಿಡವನ್ನೇ ನೆಡುತ್ತಿದ್ದೇನೆ. ಹಿಪ್ಪಲಿಯ ಬೇರಿಗೆ ಫೈಟೊಫ್ತೊರಾ ನಾಟುವುದಿಲ್ಲ, ಆದರೆ ಬೇಸಿಗೆಯಲ್ಲಿ ನೀರು ತಪ್ಪಿದರೆ ಬೇಗ ಒಣಗುತ್ತದೆ. ಕಸಿಗಂಟು ಮಣ್ಣಿನಿಂದ ಮೇಲೇ ಇರಲಿ. ಹೂತರೆ ಮೇಲಿನ ಮೆಣಸೇ ಬೇರು ಬಿಟ್ಟು ರೋಗಕ್ಕೆ ಸಿಕ್ಕಿಬೀಳುತ್ತದೆ.